ಐಸಿಯು ಬಾಗಿಲಿನ ಆಚೆ



ಮುಂಬೈಯಲ್ಲಿ ನಿಮ್ಮ ಮನೆಯವರೊಬ್ಬರಿಗೆ ದೊಡ್ಡ ಆಪರೇಷನ್ ಆಯಿತೆನ್ನಿ. ಥಿಯೇಟರಿನಿಂದ ವಾರ್ಡಿಗೆ ತರುವುದಿಲ್ಲ, ನೇರ ಸರ್ಜಿಕಲ್ ಐಸಿಯುಗೆ ಒಯ್ಯುತ್ತಾರೆ. ನೀವು ಬಾಗಿಲ ಹೊರಗಿನ ಕುರ್ಚಿಯಲ್ಲಿ. ಒಬ್ಬೊಬ್ಬರಾಗಿ, ಚಪ್ಪಲಿ ಬಿಟ್ಟು, ಹತ್ತು ನಿಮಿಷ ಒಳಗೆ ಹೋಗಿ ಬರಬಹುದು. ಉಳಿದ ಹೊತ್ತೆಲ್ಲ ಅವರು ಯಾರ ಕೈಯಲ್ಲಿರುತ್ತಾರೆ? ಆಪರೇಷನ್ ಮಾಡಿದ ಡಾಕ್ಟರು ಬಂದು ನೋಡಿ ಹೋಗುತ್ತಾರೆ. ಮಂಚದ ಪಕ್ಕ ನಿಂತಿರುವವರು ಸಿಸ್ಟರ್.

ನಮ್ಮ ಕಾರ್ಯಕ್ರಮ ಕೇಳುವ, ಕುಂದಾಪುರದ ಕಡೆಯ ಸಿಸ್ಟರ್ ಒಬ್ಬರು ಈ ಕೆಲಸದಲ್ಲಿದ್ದಾರೆ. ಹೆಸರು ಬೇಡ ಅಂದರು. ರಾತ್ರಿ ಪಾಳಿಗೆ ಬಂದವರು ಮೊದಲು ಮಾಡುವುದು ಒಪ್ಪಿಸಿಕೊಳ್ಳುವ ಕೆಲಸವಂತೆ. ಹಿಂದಿನ ಪಾಳಿಯವರು ರೋಗಿಯ ಪಕ್ಕದಲ್ಲೇ ನಿಂತು ಒಂದೊಂದು ನಳಿಗೆ, ಒಂದೊಂದು ಡ್ರಿಪ್ಪು ತೋರಿಸಿ ಹೇಳಬೇಕು. ಆಮೇಲೆ ಗಂಟೆಗಂಟೆಗೂ ಬರೆಯುವುದು: ನಾಡಿ, ರಕ್ತದೊತ್ತಡ, ಉಸಿರು, ಗಾಯದ ನಳಿಗೆಯಲ್ಲಿ ಬಂದ ರಕ್ತ, ಮೂತ್ರ.

ಮೂತ್ರದ ಲೆಕ್ಕವೇನು ಮಹಾ ಅಂದುಕೊಂಡಿದ್ದೆ. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾದರೆ ಸಿಸ್ಟರ್ ಕಿವಿ ನೆಟ್ಟಗಾಗುತ್ತದೆ. ಒಳಗೆಲ್ಲೋ ರಕ್ತ ಸೋರುತ್ತಿದ್ದರೆ ರಕ್ತದೊತ್ತಡ ಸ್ವಲ್ಪ ಹೊತ್ತು ಸರಿಯಾಗಿಯೇ ಕಾಣಬಹುದು. ಅದಕ್ಕೂ ಮೊದಲು ನಾಡಿ ಏರುತ್ತದೆ, ಮೂತ್ರ ಇಳಿಯುತ್ತದೆ. ಬೆಳಗಿನ ಜಾವ ಮೂರಕ್ಕೆ ಡಾಕ್ಟರನ್ನು ಎಬ್ಬಿಸುವುದೋ, ಇನ್ನೊಂದು ಗಂಟೆ ಕಾಯುವುದೋ? "ಬೈದರೆ ಬೈಯಲಿ, ನಾನು ಎಬ್ಬಿಸುವುದೇ" ಎಂದರು ಅವರು.

ಒಳಗೆ ಹೋದ ನಮಗೆ ಮೊದಲು ಕಾಣುವುದು ಮಂಚಕ್ಕೆ ಮೆತ್ತಗೆ ಕಟ್ಟಿದ ಕೈ. ಕರುಳು ಚುರುಕ್ ಎನ್ನುತ್ತದೆ, ಸಿಸ್ಟರ್ ಮೇಲೆ ಸಿಟ್ಟೂ ಬರುತ್ತದೆ. ಅರೆಮಂಪರಿನಲ್ಲಿ ರೋಗಿ ಉಸಿರಿನ ನಳಿಗೆಯನ್ನು ತಾನೇ ಕಿತ್ತುಕೊಂಡರೆ ಕೆಲವೇ ನಿಮಿಷದಲ್ಲಿ ಪ್ರಾಣಕ್ಕೆ ಬರಬಹುದು. ಕಟ್ಟದೆ ಆಗುತ್ತದೆಂದರೆ ಕಟ್ಟಬಾರದು, ಅದೂ ನಿಜ. ಆದರೆ ಪಕ್ಕದಲ್ಲಿ ಕೈ ಹಿಡಿದು ಕೂರಲು ಜನ ಬೇಕಲ್ಲ! ವೆಂಟಿಲೇಟರಿನಲ್ಲಿರುವ ಒಬ್ಬ ರೋಗಿಗೆ ಒಬ್ಬ ಸಿಸ್ಟರ್ ಇರಬೇಕು. ಇವರ ಪಾಲಿಗೆ ಕೆಲವು ರಾತ್ರಿ ಇಬ್ಬರು, ಮೂವರು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೂ ಇವರದೇ ಕೆಲಸ. ಇಲ್ಲದಿದ್ದರೆ ಬೆನ್ನಿಗೆ ಹುಣ್ಣು. ಹಳದೀಪುರದಿಂದ ಬಂದು ಇಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಅವರನ್ನು ನೆನೆಯಿರಿ. 1973ರ ನವೆಂಬರಿನಲ್ಲಿ ಆಸ್ಪತ್ರೆಯೊಳಗೇ ನಡೆದ ಹಲ್ಲೆಯಿಂದ ಮಲಗಿದವರು 2015ರ ಮೇ 18ರಂದು ತೀರಿಕೊಂಡರು. ಅಷ್ಟು ವರ್ಷ ನೋಡಿಕೊಂಡವರು ಅಲ್ಲಿನ ಸಿಸ್ಟರುಗಳು. ಮೈಮೇಲೆ ಒಂದು ಹುಣ್ಣಿಲ್ಲ ಎಂಬುದು 2011ರಲ್ಲಿ ಸುಪ್ರೀಂ ಕೋರ್ಟಿನವರೆಗೂ ದಾಖಲಾದ ಮಾತು.

ಇನ್ನು ನಮ್ಮ ನಿಮ್ಮ ವಿಷಯ. ಉಸಿರಿನ ನಳಿಗೆ ಗಂಟಲಿನ ಧ್ವನಿತಂತುಗಳ ನಡುವೆ ಹಾದುಹೋಗುತ್ತದೆ. ಹಾಗಾಗಿ ಎಚ್ಚರವಾದ ರೋಗಿಗೆ ತುಟಿ ಆಡುತ್ತದೆ, ಸ್ವರ ಹೊರಡುವುದಿಲ್ಲ. ಮೈಕಿನ ಮುಂದೆ ಕೂತು ಹೊಟ್ಟೆ ಹೊರೆಯುವ ನನಗೆ ಇದು ಬಹಳ ನಾಟಿತು. ಊರಿಂದ ಬಂದ ಅಮ್ಮನಿಗೆ ಹಿಂದಿ, ಮರಾಠಿ ಬಾರದು. ಸಿಸ್ಟರ್ ಕೇರಳದವರು. ತುಟಿ ನೋಡಿ "ನೀರು" ಎಂಬುದನ್ನು ಅವರು ಹೇಗೆ ತಿಳಿದಾರು? ಕುಂದಾಪುರದ ಈ ಸಿಸ್ಟರನ್ನು ಅದಕ್ಕಾಗಿಯೇ ಬೇರೆ ಮಂಚಗಳಿಗೂ ಕರೆಯುತ್ತಾರಂತೆ. "ಅಮ್ಮಾ, ಆಪರೇಷನ್ ಮುಗೀತು, ಮಗ ಹೊರಗಿದ್ದಾನೆ" ಎಂದರೆ ಸಾಕು, ಕೈ ಎಳೆದಾಡುವುದು ಎಷ್ಟೋ ಸಲ ನಿಲ್ಲುತ್ತದಂತೆ.

ಅವರು ಎಲ್ಲ ಆಸ್ಪತ್ರೆಯಲ್ಲಿ ಇರಲಾರರು. ನೀವೇ ಒಂದು ಕಾಗದ ಮಾಡಿಕೊಡಿ. ನೋವು, ನೀರು, ಚಳಿ, ಉಸಿರು, ಮಗ್ಗುಲು. ರೋಗಿ ಬೆರಳಿಟ್ಟು ತೋರಿಸಲು ಕನ್ನಡ ದಪ್ಪಕ್ಷರದಲ್ಲಿರಲಿ, ಎದುರಿಗೆ ಅದೇ ಮಾತು ಹಿಂದಿಯಲ್ಲಿ. ಓದಲು ಬಾರದವರಿಗೆ ಚಿತ್ರ ಬರೆಯಿರಿ. ಜೊತೆಗೆ ಅವರ ಕನ್ನಡಕ, ಕಿವಿಯ ಮಿಷನ್ ಸಿಸ್ಟರ್ ಕೈಗೆ ಕೊಡಿ. ಅವನ್ನು ಮನೆಯ ಕಪಾಟಿನಲ್ಲಿ ಮರೆತು ಬರುವವರೇ ಹೆಚ್ಚಂತೆ.