ಯಂತ್ರದ ನೆನಪು, ಮನೆಯ ಮಾತು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆಶಾಸನವಿದೆ. ನೆರೆಯ ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳೊಡನೆ ಇದನ್ನು 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಬರೆದ ಚಪಡನೆಂಬಾತ ಕೊನೆಯಲ್ಲಿ, ತಾನು ಲಿಪಿಕಾರನೆಂದು ಹೇಳುವ ಒಂದು ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅಂದಿನ ಇಸಿಲದ ಜನಸಾಮಾನ್ಯರ ಮನೆಮಾತು ಪ್ರಾಕೃತವಾಗಿದ್ದಿರಲಾರದು. ಬಲ್ಲವರೊಬ್ಬರು ಓದಿ, ಊರ ಮಾತಿನಲ್ಲಿ ತಿಳಿಯಹೇಳಿರಬೇಕು.

ಕಣ್ಣಿಗೊಂದು ಭಾಷೆ, ಕಿವಿಗೊಂದು ಭಾಷೆ ಎಂಬ ಈ ಏರ್ಪಾಡು ಈಗ ನಮ್ಮ ನಡುಮನೆಗೇ ಬಂದಿದೆ, ಶ್ರೋತೃಗಳೆ. ಒಂದು ಚಲನಚಿತ್ರದ ಕಡತದೊಳಗೆ ನಾಲ್ಕೈದು ಭಾಷೆಗಳ ಧ್ವನಿ, ಅಷ್ಟೇ ಬಗೆಯ ಅಡಿಬರಹ ಒಟ್ಟಿಗೆ ಇರಬಲ್ಲವು. 2018ರ 'ಕೆ.ಜಿ.ಎಫ್.' ಐದು ಭಾಷೆಗಳಲ್ಲಿ ತೆರೆಕಂಡಿತು. ಇತರ ಭಾಷೆಯ ಚಿತ್ರಗಳನ್ನು ಕನ್ನಡದಲ್ಲಿ ಕೇಳುವ ಅನುಕೂಲ ಮಾತ್ರ ತಡವಾಗಿ ಬಂದಿತು. ಡಬ್ಬಿಂಗಿಗೆ ದಶಕಗಳ ಕಾಲ ಇದ್ದ ತಡೆಯನ್ನು ಸ್ಪರ್ಧಾ ಆಯೋಗ ತಪ್ಪೆಂದು ತೀರ್ಮಾನಿಸಿದ್ದು 2015ರಲ್ಲಿ.

ಆಂಧ್ರದ ಗಡಿಗೆ ತಾಗಿದ ಈ ಸೀಮೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜಿಗೆ ಓದು ಬಾರದು. ಕನ್ನಡದ ಧ್ವನಿಯೇ ಬೇಕು. ಸೊಸೆಯ ತವರು ರಾಯದುರ್ಗ. ಆಕೆಗೆ ತೆಲುಗು ಇಷ್ಟ. ಮೊಮ್ಮಗ ಮೂಲಧ್ವನಿ ಕೇಳುತ್ತ ಅಡಿಬರಹ ಓದುವವನು. ನಿನ್ನೆ ಆರಿಸಿದ್ದನ್ನು ಪ್ಲೇಯರ್ ಇಂದು ನೆನಪಿಡದಿದ್ದರೆ, ಅಜ್ಜಿ ಪ್ರತಿ ಸಂಜೆ ಯಾರನ್ನಾದರೂ ಕರೆಯಬೇಕು. ಕರೆಯಲು ಸಂಕೋಚಪಟ್ಟು, ತಿಳಿಯದ ಮಾತಿನ ಮುಂದೆ ಸುಮ್ಮನೆ ಕುಳಿತ ಹಿರಿಯರು ಎಷ್ಟು ಜನವೋ!

ಯಂತ್ರ ಏನನ್ನು ನೆನಪಿಡುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ‘ಎರಡನೆಯ ಧ್ವನಿ’ ಎಂದು ಸಂಖ್ಯೆಯನ್ನಷ್ಟೇ ನೆನೆದರೆ ಮುಂದಿನ ಚಿತ್ರದ ಎರಡನೆಯ ಧ್ವನಿ ತಮಿಳಾಗಿರಬಹುದು. ಭಾಷೆಯ ಹೆಸರನ್ನು ನೆನೆದರೆ ಆ ತೊಡಕಿಲ್ಲ. ವಿ.ಎಲ್.ಸಿ. ಪ್ಲೇಯರಿನಲ್ಲಿ ಬೇಕಾದ ಭಾಷೆಗಳ ಸಂಕೇತಗಳನ್ನು ಮೊದಲೇ ಬರೆದಿಡಬಹುದು. ಕನ್ನಡಕ್ಕೆ ಮೂರಕ್ಷರದ ಸಂಕೇತ ಕೆ, ಎ, ಎನ್. ಕೋಡಿ ಎಂಬುದು ಒಂದೊಂದು ಚಿತ್ರಕ್ಕೂ ಮಾಡಿದ ಆಯ್ಕೆಯನ್ನು ಬೇರೆಬೇರೆಯಾಗಿ ಉಳಿಸಿಕೊಳ್ಳುತ್ತದೆ. ಜೆಲ್ಲಿಫಿನ್ ಎಂಬುದರಲ್ಲಿ ಮನೆಯ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರಬಹುದು. ಅಜ್ಜಿಯ ಆಯ್ಕೆ ಅಜ್ಜಿಗೆ, ಮೊಮ್ಮಗನದು ಮೊಮ್ಮಗನಿಗೆ. ನೆನಪು ಮನೆಯದಾಗದೆ ಮನುಷ್ಯರದಾಗುವ ಈ ಕ್ರಮವೇ ನನಗೆ ಮೆಚ್ಚುಗೆ. ಒಂದೇ ರಿಮೋಟಿನ ಮನೆಯಲ್ಲಿ ಕೊನೆಗೆ ಒತ್ತಿದವರ ಭಾಷೆಯೇ ಎಲ್ಲರ ಭಾಷೆಯಾಗಿಬಿಡುತ್ತದಲ್ಲವೆ?

ಆದರೆ ಪ್ಲೇಯರಿನ ನೆನಪು ಎಷ್ಟೇ ಚುರುಕಾಗಿದ್ದರೂ ಕಡತದಲ್ಲಿ ಭಾಷೆಯ ಹೆಸರಿರಬೇಕು. ಎಂ.ಕೆ.ವಿ. ಎಂದು ನಾವು ಕರೆಯುವ ಮಾತ್ರೋಸ್ಕಾ ಮಾದರಿಯ ಕಡತದ ನಿಯಮ ವಿಚಿತ್ರವಾಗಿದೆ. ಧ್ವನಿಯ ಭಾಷೆ ಯಾವುದೆಂದು ಬರೆಯದೆ ಬಿಟ್ಟರೆ ಅದನ್ನು ಇಂಗ್ಲಿಷ್ ಎಂದೇ ಭಾವಿಸತಕ್ಕದ್ದು. 2024ರಲ್ಲಿ ಪ್ರಕಟವಾದ ಅಧಿಕೃತ ವಿವರಣೆಯಲ್ಲಿಯೂ ಈ ನಿಯಮ ಹಾಗೆಯೇ ಉಳಿದಿದೆ. ಅಚ್ಚಗನ್ನಡದಲ್ಲಿ ನಾಯಕಿ ಮಾತಾಡುತ್ತಿದ್ದರೂ ಯಂತ್ರಕ್ಕೆ ಅದು ಇಂಗ್ಲಿಷ್! ಕನ್ನಡವನ್ನು ಹುಡುಕಿ ಹೊರಟ ಪ್ಲೇಯರ್ ಅದನ್ನು ಕಾಣದೆ ಮುಂದೆ ಸಾಗುತ್ತದೆ. ಹೆಸರಿಡದವರ ಸೋಮಾರಿತನವನ್ನು ನಾವು ಯಂತ್ರದ ಮರೆವೆಂದು ದೂರುತ್ತೇವೆ.

ಮನೆಯ ಸಮಾರಂಭಗಳ ಚಿತ್ರಗಳನ್ನೂ ಹಳೆಯ ನಾಟಕಗಳನ್ನೂ ಹೀಗೆ ಕಡತಗಳಲ್ಲಿ ಕೂಡಿಡುವವರು ಈಗ ಊರೂರಿಗೂ ಇದ್ದಾರೆ. ಎಂ.ಕೆ.ವಿ. ಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶದಿಂದ ಕಡತದ ತಲೆಬರಹದಲ್ಲಿ ಭಾಷೆಯ ಹೆಸರನ್ನು ತಿದ್ದಬಹುದು. ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ಮತ್ತೆ ಪರಿವರ್ತಿಸಬೇಕಿಲ್ಲ. ಹಿಡಿಯುವ ಹೊತ್ತು ಕೆಲವು ಕ್ಷಣ. ಆ ಕೆಲಸವನ್ನು ಮೊಮ್ಮಗ ಒಂದು ಭಾನುವಾರ ಮುಗಿಸಿಕೊಟ್ಟರೆ ಸೋಮವಾರದಿಂದ ಅಜ್ಜಿ ಯಾರನ್ನೂ ಕರೆಯಬೇಕಾಗಿಲ್ಲ.