ಎಡ ಪೆಡಲಿನ ತಿರುಪು

ಸೋದರಮಾವನ ಸೈಕಲ್ ಶಾಪ್ ಮುಚ್ಚಿ ಎರಡು ವರ್ಷವಾಗಿತ್ತು. ಕಳೆದ ವಾರ ಅದನ್ನು ಖಾಲಿ ಮಾಡಲು ನಾನೂ ಹೋಗಿದ್ದೆ. ಬಾಗಿಲು ತೆಗೆದೊಡನೆ ಗ್ರೀಸ್, ರಬ್ಬರ್ ಸೊಲ್ಯೂಷನ್‌ಗಳ ಅದೇ ವಾಸನೆ.

ತುಕ್ಕು ಹಿಡಿದ ಡಬ್ಬಿಗಳನ್ನು ಗೋಣಿತಾಟಿನ ಮೇಲೆ ಸುರಿದೆವು. ಬೇರಿಂಗ್ ಗುಂಡುಗಳನ್ನು ಮಾವ ಕಣ್ಣು ಮುಚ್ಚಿಯೇ ಬೇರ್ಪಡಿಸಿದರು. ಹಿಂದಿನ ಚಕ್ರದ್ದು ಕಾಲು ಇಂಚು, ಮುಂದಿನದು ಅದಕ್ಕಿಂತ ಸಣ್ಣದು. ಕಡ್ಡಿಗಳ ಲೆಕ್ಕವೂ ಅವರ ನಾಲಗೆ ತುದಿಯಲ್ಲೇ ಇತ್ತು: ಹಳೆಯ ಇಂಗ್ಲಿಷ್ ಮಾದರಿಯ ಸೈಕಲ್ಲಿಗೆ ಮುಂದೆ 32, ಹಿಂದೆ 40. ಸವಾರನ ಭಾರ, ಕ್ಯಾರಿಯರ್ ಮೇಲಿನ ಮೂಟೆಯ ಭಾರ ಹೆಚ್ಚಾಗಿ ಬೀಳುವುದು ಹಿಂದಿನ ಚಕ್ರದ ಮೇಲೆ ತಾನೇ!

ಒಂದು ಪೆಡಲ್ ಕೈಗೆ ಬಂತು. ಬಿಚ್ಚಲು ಎಡಕ್ಕೆ ತಿರುಗಿಸಿದೆ, ಇನ್ನಷ್ಟು ಬಿಗಿಯಾಯಿತು. "ಅದು ಎಡಗಾಲಿನದು ಕಣೋ, ತಿರುಪು ಉಲ್ಟಾ," ಎಂದರು ಮಾವ. ಎರಡಕ್ಕೂ ಒಂದೇ ಬಗೆಯ ತಿರುಪು ಇದ್ದಿದ್ದರೆ, ತುಳಿಯುತ್ತ ತುಳಿಯುತ್ತ ಎಡಗಡೆಯದು ತಾನಾಗಿಯೇ ಸಡಿಲಗೊಂಡು ಕಳಚುತ್ತಿತ್ತು. ದಿನವೂ ತುಳಿಯುವ ವಸ್ತುವಿನೊಳಗೆ ಯಾರೋ ಇಷ್ಟು ಕಾಳಜಿ ಇಟ್ಟಿದ್ದಾರೆ ಎಂದು ತಿಳಿದು ಮನಸ್ಸು ತುಂಬಿತು.

ರಾಶಿಯ ತಳದಲ್ಲಿ ಕೊಕ್ಕರೆ ತಲೆಯ ರ‍್ಯಾಲಿ ಸೈಕಲ್ ಲಾಂಛನ ಸಿಕ್ಕಿತು. ಮಾವ ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಪಂಚೆಯ ಅಂಚಿನಿಂದ ಉಜ್ಜಿದರು. ಗುಜರಿಯವನು ತಕ್ಕಡಿ ಹಿಡಿದು ಕಾಯುತ್ತಿದ್ದ. ಲಾಂಛನ ಮಾವನ ಅಂಗಿ ಜೇಬು ಸೇರಿತು.