ಸರ್ಪವಿಲ್ಲದ ನಿಧಿ

(ಕೂಟದ ವಸಂತ ಸಮ್ಮಿಲನದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಬಿಸಿಬೇಳೆಭಾತಿನ ಪರಿಮಳವು ಸಭಾಂಗಣವನ್ನು ಆವರಿಸಿರುವಾಗ ಉಪನ್ಯಾಸಕನಾದವನು ಮಿತಭಾಷಿಯಾಗಿರಬೇಕೆಂಬುದನ್ನು ಬಲ್ಲೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಅಜ್ಜಿಯರ ಕಥೆಗಳಲ್ಲಿ ನಿಧಿ ಎಂದೊಡನೆ ಅದರ ಮೇಲೆ ಹೆಡೆಯೆತ್ತಿ ಕುಳಿತ ಸರ್ಪವೊಂದು ಇರಲೇಬೇಕು. ನಿಧಿಯೆಂದರೆ ಒಬ್ಬನು ಹೂತಿಟ್ಟದ್ದು, ಇನ್ನೊಬ್ಬನು ಕದಿಯಬಯಸುವುದು; ನಡುವೆ ಕಾವಲಿಗೊಂದು ವಿಷ. ಕಥೆಯ ಹೊರಗೂ ಈ ಆಸೆ ಮಾಡಿದ ಅನರ್ಥವೇನೂ ಸಣ್ಣದಲ್ಲ. ಹಂಪೆಯಂಥ ಕ್ಷೇತ್ರದಲ್ಲಿ ನಿಧಿಗಳ್ಳರು ಗುಡಿಗಳ ನೆಲವನ್ನು ಅಗೆದಿದ್ದಾರೆ, ವಿಗ್ರಹಗಳನ್ನು ಭಗ್ನಗೊಳಿಸಿದ್ದಾರೆ. ಇಂದು ನಾನು ಹೇಳಹೊರಟಿರುವುದು ಕಾವಲಿಲ್ಲದ, ಬೀಗವಿಲ್ಲದ, ನೆಲವನ್ನು ಅಗೆಯಲೇಬಾರದೆಂಬ ನಿಯಮವುಳ್ಳ ಒಂದು ನಿಧಿಶೋಧವನ್ನು ಕುರಿತು. ಅದರ ಹೆಸರು ಜಿಯೋಕ್ಯಾಶಿಂಗ್. ಹೆಸರಿನಲ್ಲಿರುವ ‘ಕ್ಯಾಶ್’ ಕೆಲವರ ಕಿವಿಯನ್ನು ನಿಮಿರಿಸಬಹುದು. ಅದು ನಗದಲ್ಲ, ಮರೆಮಾಡಿ ಇಟ್ಟದ್ದು ಎಂಬರ್ಥದ, ಫ್ರೆಂಚ್ ಮೂಲದ ಪದ.

ಈ ಹವ್ಯಾಸವು ಹುಟ್ಟಿದ್ದು ದೂರದಲ್ಲೆಲ್ಲೂ ಅಲ್ಲ. ನಮ್ಮ ಪೋರ್ಟ್‌ಲೆಂಡಿನಿಂದ ಆಗ್ನೇಯಕ್ಕೆ ಸುಮಾರು 20 ಮೈಲಿ ದೂರದ ಬೀವರ್‌ಕ್ರೀಕ್ ಊರಿನ ಬಳಿ. ಅಮೆರಿಕದ ಸೇನೆಯು ತನ್ನ ಜಿ.ಪಿ.ಎಸ್. ಉಪಗ್ರಹಗಳ ಸಂಕೇತವನ್ನು ಸಾಮಾನ್ಯ ನಾಗರಿಕರಿಗೆ ಬೇಕೆಂದೇ ಕೊಂಚ ಕೆಡಿಸಿ ಕೊಡುತ್ತಿದ್ದ ಕಾಲವೊಂದಿತ್ತು. ಆಗ ಉಪಕರಣವು ತೋರಿಸುವ ಜಾಗಕ್ಕೂ ನಿಜವಾದ ಜಾಗಕ್ಕೂ 300 ಅಡಿಗಳಷ್ಟು ಅಂತರ ಬೀಳಬಹುದಾಗಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ನರ ಆದೇಶದಂತೆ ಆ ಕೃತಕ ದೋಷವನ್ನು ತೆಗೆದುಹಾಕಲಾಯಿತು. ರಾತ್ರಿ ಬೆಳಗಾಗುವುದರೊಳಗೆ ಜಗತ್ತಿನ ಎಲ್ಲ ಜಿ.ಪಿ.ಎಸ್. ಉಪಕರಣಗಳ ದೃಷ್ಟಿ ಸುಮಾರು ಹತ್ತುಪಟ್ಟು ಚುರುಕಾಯಿತು.

ಮೇ 3ರಂದು ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರು ಈ ನಿಖರತೆಯನ್ನು ಪರೀಕ್ಷಿಸಲೆಂದು ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಕಪ್ಪು ಬಕೆಟ್ಟೊಂದನ್ನು ಇಟ್ಟರು. ಅದರಲ್ಲಿ ಪುಸ್ತಕ, ವಿಡಿಯೋ, ಕವಣೆ ಮುಂತಾದ ಸಾಮಾನುಗಳೂ ಬೀನ್ಸ್ ಕಾಳಿನ ಒಂದು ಡಬ್ಬಿಯೂ ಇದ್ದವು. ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿ ಅವರು ವಿಧಿಸಿದ ನಿಯಮ ಒಂದೇ: ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ. ಮೂರು ದಿನಗಳೊಳಗೆ ಇಬ್ಬರು ಅದನ್ನು ಹುಡುಕಿ ಕಂಡರು. ಅದೇ ವರ್ಷದ ಸೆಪ್ಟೆಂಬರ್ 2ರಂದು ಸಿಯಾಟಲಿನ ಜೆರೆಮಿ ಐರಿಶ್ ಇಂಥ ಡಬ್ಬಿಗಳ ಪಟ್ಟಿಯೊಂದನ್ನು ಸಾರ್ವಜನಿಕರಿಗೆ ತೆರೆದಾಗ ಜಗತ್ತಿನಲ್ಲಿದ್ದ ಡಬ್ಬಿಗಳು ಕೇವಲ 75. ಇಂದು ಅವುಗಳ ಸಂಖ್ಯೆ 30 ಲಕ್ಷವನ್ನು ಮೀರಿದೆ, ಅಂಟಾರ್ಕ್ಟಿಕಾದಲ್ಲೂ ಇವೆ. ಆ ಮೊದಲ ಬಕೆಟ್ಟಿದ್ದ ಸ್ಥಳದಲ್ಲಿ 2003ರಲ್ಲಿ ಸ್ಮಾರಕ ಫಲಕವೊಂದನ್ನು ಇಡಲಾಯಿತು.

ಇನ್ನು ಇದು ನಡೆಯುವ ಬಗೆ. ಸುಮಾರು 12,550 ಮೈಲಿ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಪರಮಾಣು ಗಡಿಯಾರದ ವೇಳೆಯನ್ನು ಸದಾ ಬಿತ್ತರಿಸುತ್ತಿರುತ್ತವೆ. ಆ ಸಂಕೇತವು ನಮ್ಮನ್ನು ತಲುಪಲು ತೆಗೆದುಕೊಂಡ ಹೊತ್ತಿನಿಂದ ಉಪಗ್ರಹದ ದೂರ ತಿಳಿಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಲೆಕ್ಕ ಕೂಡಿದಾಗ ನಾವು ನಿಂತ ಜಾಗ ಗೊತ್ತಾಗುತ್ತದೆ. ಇಂದು ಇದಕ್ಕೆ ಜೇಬಿನಲ್ಲಿರುವ ಫೋನೇ ಸಾಕು. ಆದರೆ ತೆರೆದ ಬಯಲಿನಲ್ಲೂ ಅದು ಸುಮಾರು 16 ಅಡಿಗಳಷ್ಟು ತಪ್ಪಬಹುದು. ನಮ್ಮ ಡಗ್ಲಸ್ ಫರ್ ಮರಗಳ ದಟ್ಟ ನೆರಳಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಕೊನೆಯ ಕೆಲವು ಹೆಜ್ಜೆಗಳಲ್ಲಿ ಯಂತ್ರವನ್ನು ಜೇಬಿಗೆ ಸೇರಿಸಿ ಕಣ್ಣನ್ನು ನಂಬಬೇಕು. ಬಿದ್ದ ಮರದ ಪೊಟರೆ, ಅಸಹಜವಾಗಿ ಜೋಡಿಸಿದಂತೆ ಕಾಣುವ ಕಲ್ಲು, ಕಾರಣವಿಲ್ಲದೆ ಒಟ್ಟಾದ ತೊಗಟೆಚೂರು ಇವನ್ನು ಗಮನಿಸಲು ಕಲಿಯಬೇಕು. ವಿಜ್ಞಾನವು ಕೈಹಿಡಿದು ಕಾಡಿನವರೆಗೆ ತಂದು, ಅಲ್ಲಿಂದ ಮುಂದಕ್ಕೆ ‘ನೀನೇ ನೋಡು’ ಎಂದು ಬಿಟ್ಟುಬಿಡುತ್ತದೆ. ಈ ಆಟದ ಸೊಗಸೆಲ್ಲ ಇರುವುದು ಆ 16 ಅಡಿಗಳಲ್ಲಿ.

ಸಿಕ್ಕಿದ ಡಬ್ಬಿಯು ಬೆರಳಿನ ತುದಿಯಷ್ಟಿರಬಹುದು, ಸೈನ್ಯದ ಗುಂಡಿನ ಪೆಟ್ಟಿಗೆಯಷ್ಟೂ ಇರಬಹುದು. ಒಳಗಿನ ಕಾಗದದಲ್ಲಿ ಹೆಸರನ್ನೂ ದಿನಾಂಕವನ್ನೂ ಬರೆಯಬೇಕು. ಆಟಿಕೆಯೊಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಅಥವಾ ಹೆಚ್ಚಿನದೊಂದನ್ನು ಇಡಬೇಕು. ತಿನಿಸು ಕೂಡದು; ಅದರ ವಾಸನೆ ಪ್ರಾಣಿಗಳನ್ನು ಕರೆಯುತ್ತದೆ. ಕೊನೆಗೆ ಡಬ್ಬಿಯನ್ನು ಮೊದಲಿದ್ದಂತೆಯೇ ಮರೆಮಾಡಬೇಕು. ‘ಎಲ್ಲಿಂದ ತೆಗೆದೆಯೋ ಅಲ್ಲೇ ಇಡು’ ಎಂದು ನಮ್ಮ ತಾಯಂದಿರು ಅಡುಗೆಮನೆಯಲ್ಲಿ ಹೇಳುತ್ತಿದ್ದ ಮಾತೇ ಇಲ್ಲಿ ಶಾಸನ. ಹಿಂದಿರುಗುವಾಗ ದಾರಿಯ ಕಸವನ್ನು ಹೆಕ್ಕಿ ತರುವುದೂ ಈ ಬಳಗದಲ್ಲಿ ಬೆಳೆದುಬಂದ ಪದ್ಧತಿ.

ಈಗ ಯೋಚಿಸಿ. ಎಲ್ಲರಿಗೂ ವಿಳಾಸ ತಿಳಿದಿರುವ, ಯಾರೂ ಕಾಯದಿರುವ ವಸ್ತುವೊಂದು ವರ್ಷಾನುಗಟ್ಟಲೆ ಕಾಡಿನಲ್ಲಿ ಉಳಿಯುವುದೆಂದರೇನು? ಕೆಲವು ಡಬ್ಬಿಗಳು ಕಳುವಾಗುತ್ತವೆ, ಕೆಲವು ಮಳೆನೀರು ತುಂಬಿ ಹಾಳಾಗುತ್ತವೆ. ಇಟ್ಟವರು ಮತ್ತೆ ಹೋಗಿ ಹೊಸದನ್ನು ಇಡುತ್ತಾರೆ. ಬಹುತೇಕ ಡಬ್ಬಿಗಳು ಉಳಿಯುವುದು ಒಬ್ಬರನ್ನೊಬ್ಬರು ಎಂದೂ ಕಾಣದ ಜನರ ಪ್ರಾಮಾಣಿಕತೆಯಿಂದ. ಸರ್ಪದ ಕೆಲಸವನ್ನು ಇಲ್ಲಿ ವಿಶ್ವಾಸವು ಮಾಡುತ್ತಿದೆ.

ಇದನ್ನು ಕನ್ನಡ ಕೂಟದಲ್ಲೇಕೆ ಹೇಳಬೇಕು ಎಂದು ತಾವು ಕೇಳಬಹುದು. ಹೊರನಾಡಿನಲ್ಲಿ ನೆಲೆಸಿದ ನಮ್ಮ ಭೂಪಟವು ಬಹಳ ಚಿಕ್ಕದು: ಮನೆ, ಕಚೇರಿ, ಭಾರತೀಯ ದಿನಸಿ ಅಂಗಡಿ, ದೇವಸ್ಥಾನ, ಮಕ್ಕಳ ಶಾಲೆ, ವಿಮಾನ ನಿಲ್ದಾಣ. ಇಪ್ಪತ್ತು ವರ್ಷ ಬಾಳಿದ ಊರಿನಲ್ಲಿ ಹೆದ್ದಾರಿಯಾಚೆಗಿನ ತೊರೆಯ ಹೆಸರನ್ನು ಅರಿಯದವರು ನಮ್ಮಲ್ಲಿ ಹಲವರು. ತವರಿನ ನೆಲ ನೆನಪಿನಲ್ಲಷ್ಟೇ ಉಳಿದು, ಕಾಲಡಿಯ ನೆಲ ಪರಿಚಯವಾಗದೇ ಹೋದರೆ ನಾವು ಎರಡೂ ಕಡೆ ಅತಿಥಿಗಳು. ಒಂದು ನೆಲವನ್ನು ನಡೆದಲ್ಲದೆ ನಮ್ಮದಾಗಿಸಿಕೊಳ್ಳಲಾಗದು ಎಂಬುದು ನನ್ನ ದೃಢವಾದ ನಂಬಿಕೆ. ನಡೆಯಲೊಂದು ನೆಪ ಬೇಕು. ಈ ಡಬ್ಬಿ ಆ ನೆಪ.

ಬೇಸಿಗೆಯಲ್ಲಿ ಊರಿನಿಂದ ಬರುವ ತಂದೆತಾಯಿಗಳನ್ನು ನೆನೆಯಿರಿ. ನಾವು ಕೆಲಸಕ್ಕೆ ಹೋದ ಮೇಲೆ ಅವರಿಗೆ ಕಿಟಕಿಯೇ ಅಮೆರಿಕ. ಪ್ರತಿ ಡಬ್ಬಿಗೂ ಹುಡುಕುವ ಕಷ್ಟಕ್ಕೊಂದು, ದಾರಿಯ ಕಷ್ಟಕ್ಕೊಂದು, ಹೀಗೆ 1ರಿಂದ 5ರವರೆಗೆ ಎರಡು ಅಂಕಗಳಿರುತ್ತವೆ. ದಾರಿಗೆ 1 ಎಂದಿದ್ದರೆ ಗಾಲಿಕುರ್ಚಿಯೂ ಹೋಗಬಹುದಾದ ಹಾದಿ. ಮೊಮ್ಮಗಳು ಫೋನು ಹಿಡಿದು ದಿಕ್ಕು ಹೇಳುತ್ತ, ಅಜ್ಜ ತನ್ನ ಅನುಭವದ ಕಣ್ಣಿನಿಂದ ಪೊದೆಯನ್ನು ಪರೀಕ್ಷಿಸುವ ಆಟದಲ್ಲಿ ಭಾಷೆ ತಾನಾಗಿ ಹುಟ್ಟುತ್ತದೆ. ಪೊಟರೆ, ತೊಗಟೆ, ಪಾಚಿ, ಬಿಳಲು ಮುಂತಾದ ಪದಗಳು ನಾವು ನಡೆಸುವ ಭಾನುವಾರದ ಕನ್ನಡ ತರಗತಿಗಿಂತ ಅಲ್ಲಿ ಬೇಗ ನಾಟುತ್ತವೆ.

ಡಬ್ಬಿಯೇ ಇಲ್ಲದ ಒಂದು ಬಗೆಯೂ ಇದೆ. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘವು ಇದನ್ನು ಆರಂಭಿಸಿತು. ಅರ್ಥ್‌ಕ್ಯಾಶ್ ಎಂದು ಅದರ ಹೆಸರು. ಅಲ್ಲಿ ಶಿಲೆಯೋ ಜಲಪಾತವೋ ಸ್ವತಃ ನಿಧಿ. ಅದನ್ನು ನೋಡಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಇಂಥ ಶೋಧಕ್ಕೆ ನಮ್ಮ ಕೊಲಂಬಿಯಾ ಕಣಿವೆ ಹೇಳಿಮಾಡಿಸಿದಂತಿದೆ. ಮಲ್ಟ್‌ನೋಮಾ ಜಲಪಾತವು ಧುಮುಕುವ ಆ ಕರಿಯ ಬಸಾಲ್ಟ್ ಶಿಲೆ ಸುಮಾರು 1.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ. ವಿಜಯಪುರದ ಎರೆಭೂಮಿಯ ಅಡಿಯಲ್ಲಿರುವುದೂ, ಗೋಲಗುಮ್ಮಟವನ್ನು ಕಟ್ಟಿರುವುದೂ ಬಸಾಲ್ಟ್ ಶಿಲೆಯೇ. ಆ ಲಾವಾ ಹರಿದು 6.6 ಕೋಟಿ ವರ್ಷಗಳಾದವು. ಇಷ್ಟನ್ನು ಆ ಬಂಡೆಯ ಎದುರು ನಿಂತು ಮಗುವಿಗೆ ಹೇಳಿದರೆ, ಎರಡು ಊರುಗಳ ನಡುವೆ ಆ ಮಗು ತಾನೇ ಸೇತುವೆ ಕಟ್ಟಿಕೊಳ್ಳುತ್ತದೆ.

ಒಂದು ಕಹಿಮಾತನ್ನೂ ಹೇಳಬೇಕು. ನಮ್ಮ ಬಣ್ಣದವರು ಉದ್ಯಾನದ ಬೆಂಚಿನ ಕೆಳಗೆ ಬಗ್ಗಿ ತಡಕಾಡಿದರೆ ಕೆಲವರ ಹುಬ್ಬು ಗಂಟಿಕ್ಕುತ್ತದೆ. ಈ ಅಳುಕು ನಿರಾಧಾರವಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಇಂಥ ನಿರುಪದ್ರವಿ ಡಬ್ಬಿಯೊಂದನ್ನು ಬಾಂಬೆಂದು ಶಂಕಿಸಿ ಸೈನ್ಯವು ಸ್ಫೋಟಿಸಿತು. ಆದ್ದರಿಂದ ಹಗಲಿನಲ್ಲಿ, ಕುಟುಂಬದೊಡನೆ ಹೋಗಿ; ಕದ್ದುಮುಚ್ಚಿ ನಡೆಯಬೇಡಿ; ಯಾರಾದರೂ ಕೇಳಿದರೆ ನಗುತ್ತ ವಿವರಿಸಿ, ಫೋನಿನ ನಕ್ಷೆಯನ್ನು ತೋರಿಸಿ. ನೀವೇ ಡಬ್ಬಿ ಇಡುವುದಾದರೆ ಹೊರಗೆ ಅದರ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ, ಜಾಗದ ಒಡೆಯರ ಅನುಮತಿ ಪಡೆಯಿರಿ. ಶಾಲೆ, ರೈಲುಹಳಿಗಳ ಸಮೀಪ ಇಡಬೇಡಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಅಪ್ಪಣೆಯಿಲ್ಲದೆ ಇಡುವಂತಿಲ್ಲ. ಆದರೆ ಅಳುಕಿನಿಂದ ಮನೆಯೊಳಗೇ ಉಳಿಯಬೇಡಿ. ನಮ್ಮನ್ನು ಕಾಡುದಾರಿಯಲ್ಲಿ ಪದೇ ಪದೇ ಕಂಡ ಕಣ್ಣಿಗೆ ನಾವು ಅಪರಿಚಿತರಾಗಿ ಉಳಿಯುವುದಿಲ್ಲ.

ಆರಂಭಕ್ಕೆ ಹೆಚ್ಚಿನ ಸಿದ್ಧತೆ ಬೇಡ: ಫೋನು, ಲೇಖನಿ, ಮಳೆಯಂಗಿ, ಉದ್ದತೋಳಿನ ಅಂಗಿ. ಮೂರೆಲೆಯ ಪಾಯ್ಸನ್ ಓಕ್ ಗಿಡವನ್ನು ಗುರುತಿಸಲು ಕಲಿಯಿರಿ. ಸೋಕಿದರೆ ತುರಿಕೆ ವಾರಗಟ್ಟಲೆ ಬಿಡದು. ಕಷ್ಟವೆರಡೂ 1 ಅಥವಾ 2 ಇರುವ, ದೊಡ್ಡ ಗಾತ್ರದ ಡಬ್ಬಿಯನ್ನು ಮೊದಲು ಆರಿಸಿ. ಸಿಗದಿದ್ದರೂ ಒಂದು ಹಾದಿ ನಿಮಗೆ ಸಿಕ್ಕಿರುತ್ತದೆ.

ಕೂಟದ ಪರವಾಗಿ ಈ ವರ್ಷ ಒಂದು ಡಬ್ಬಿಯನ್ನು ಇಡಿ ಎಂಬುದು ನನ್ನ ಕೋರಿಕೆ. ಒಳಗೆ ಒಂದು ಚನ್ನಪಟ್ಟಣದ ಬೊಂಬೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಎರಡು ಸಾಲಿನ ಸ್ವಾಗತ ಇರಲಿ. ಅದನ್ನು ತೆರೆಯುವವರು ಯಾರೋ ನಮಗೆ ತಿಳಿಯದು. ಅವರಿಗೂ ನಾವು ತಿಳಿಯೆವು. ಆದರೂ ಅವರು ಅದನ್ನು ಜೋಪಾನವಾಗಿ ಮುಚ್ಚಿಡುವರು.